ಗಲ್ಲಾ ಪಕ್ಕ ನಿಂತವರು

ಮುಲಾಮಿಗೆ ನೂರ ಎಂಬತ್ತು. ಕೆಮಿಸ್ಟ್ ಭಯ್ಯಾ ಚೀಟಿಯಿಲ್ಲದೆ ಕೊಟ್ಟ ಮಾತ್ರೆಗೆ ಮುನ್ನೂರು. ಕೂರಲು ಗಾಳಿ ತುಂಬಿದ ದಿಂಬಿಗೆ ಆರುನೂರು. ಡಾಕ್ಟರ ಫೀಸು ಎಂಟುನೂರು. ಅದೊಂದನ್ನು ಮಾತ್ರ ನನ್ನ ಗಂಡ ಕಾಂತಪ್ಪ ಖರ್ಚು ಮಾಡಲಿಲ್ಲ. ಜಿಪುಣತನದಿಂದಲ್ಲ, ನಾಚಿಕೆಯಿಂದ.

ಡೆಲ್ಲಿಯ ಲೋಧಿ ಕಾಲೋನಿಯ ನಮ್ಮ ಹೋಟೆಲಿನ ಗಲ್ಲಾದಲ್ಲಿ ಇವರಲ್ಲದೆ ಇನ್ನೊಬ್ಬರು ಕೂತದ್ದಿಲ್ಲ. ಅಂಥವರು ಆ ವಾರವಿಡೀ ಗಲ್ಲಾ ಪಕ್ಕ ನಿಂತೇ ಇದ್ದರು. ಯಜಮಾನರು ತಮಗೆ ಮರ್ಯಾದೆ ಕೊಟ್ಟು ನಿಂತಿದ್ದಾರೆಂದು ಗಿರಾಕಿಗಳು ಖುಷಿಪಟ್ಟರು. ನನಗೆ ಹಣೆಯ ಬೆವರು ಕಂಡಿತು.

"ಎಂತ ಆಯ್ತು ರೀ?"

"ಉಷ್ಣ ಮಾರಾಯ್ತಿ. ಕೂರುವ ಜಾಗದಲ್ಲಿ ಒಂದು ಕುರು. ಡೆಲ್ಲಿ ಬಿಸಿಲಿಗೆ ಎದ್ದದ್ದು."

ನಮ್ಮ ಕರಾವಳಿಯವರಿಗೆ ಉಷ್ಣಕ್ಕೆ ಮದ್ದೆಂದರೆ ಪುನರ್ಪುಳಿ ಶರಬತ್ತು. ಊರಿಂದ ತಂದ ಆ ಹುಳಿಹಣ್ಣಿನ ಒಣ ಸಿಪ್ಪೆ ನೆನೆಸಿ, ಬೆಲ್ಲ ಹಾಕಿ, ಅಡುಗೆಯ ಮುರಳೀಧರನಿಂದ ಮಾಡಿಸಿ ಚೊಂಬುಗಟ್ಟಲೆ ಕುಡಿದರು. ಸಕ್ಕರೆ ಕಾಯಿಲೆಯವರೆಂದು ಕಾಫಿಗೆ ಚಿಟಿಕೆ ಸಕ್ಕರೆ ಹಾಕದ ಮನುಷ್ಯ, ಮದ್ದಿನ ಬೆಲ್ಲಕ್ಕೆ ದೋಷವಿಲ್ಲವೆಂದುಕೊಂಡಿದ್ದರು.

ಒಂದು ಬೆಳಿಗ್ಗೆ ಚಳಿಜ್ವರದಲ್ಲಿ ಮಂಚವೇ ಅಲುಗಿತು. ಬೈದು ಮಗ್ಗುಲಾಗಿಸಿ ನೋಡಿದೆ. ಗುದದ ಪಕ್ಕ ನಿಂಬೆಹಣ್ಣಿನಷ್ಟು ಗಡ್ಡೆ, ಮುಟ್ಟಿದರೆ ಕೆಂಡ. ಕೆಂಪು ತೊಡೆಯವರೆಗೆ ಹರಡಿತ್ತು. ಮಗಳನ್ನು ಕೂಗಿದೆ.

"ಬಸ್, ಸಾಕು ಪಪ್ಪಾ! ಚಲೋ, ಈಗ್ಲೇ," ಎಂದು ಮಗಳು ನಿಶ್ಮಿತಾ ಕಾರು ತೆಗೆದಳು.

ಆಸ್ಪತ್ರೆಯಲ್ಲಿ ಸರ್ಜನ್ನರನ್ನು ಕಂಡದ್ದೇ ಇವರು ಬಾಗಿಲಲ್ಲಿ ತಿರುಗಿ ನಿಂತರು. ಭಾನುವಾರ ನಮ್ಮಲ್ಲಿ ಮಸಾಲೆದೋಸೆ ತಿನ್ನುವ ಡಾಕ್ಟರ್ ಸಿಂಧೂರ!

"ಬೇಡ ಚಂಪಾ. ನಾಳೆ ದೋಸೆಗೆ ಬಂದರೆ ಮುಖ ಹೇಗೆ ತೋರಿಸಲಿ?"

"ಅಂಕಲ್, ಈಗ ನಾನು ನೋಡಬೇಕಾದ್ದು ಮುಖ ಅಲ್ಲ," ಎಂದರು ಡಾಕ್ಟರು.

ನಿಶ್ಮಿತಾ ನಕ್ಕುಬಿಟ್ಟಳು. ಸಕ್ಕರೆ ನಾನೂರು ದಾಟಿದೆಯೆಂದು ನರ್ಸ್ ಹೇಳಿದಾಗ ನಗು ನಿಂತಿತು.

ಡಾಕ್ಟರು ಪರೀಕ್ಷಿಸಿ ಹೇಳಿದರು, "ಒಳಗೆ ಕೀವು ಕಟ್ಟಿದೆ. ಬರೀ ಮಾತ್ರೆಗೆ ಬಗ್ಗಲ್ಲ. ಕೊಯ್ದು ಹೊರಗೆ ಬಿಡಬೇಕು, ಇವತ್ತೇ. ಬಿಟ್ಟರೆ ಮಾಂಸ ಕೊಳೀತಾ ಹೋಗುತ್ತೆ, ಜೀವಕ್ಕೇ ಬರುತ್ತೆ."

ಇವರು ನೆಲ ನೋಡುತ್ತ ಕೇಳಿದರು, "ಕೊಯ್ದ ಮೇಲೆ ಹಿಡಿತ ಹೋದರೆ? ಗಿರಾಕಿಗಳ ಮುಂದೆ, ಬಟ್ಟೆಯಲ್ಲೇ..."

ಒಳಗೊಳಗೇ ಅವರನ್ನು ತಿನ್ನುತ್ತಿದ್ದ ಭಯ ಅದು. ಸಾವಿಗಿಂತ ಅದಕ್ಕೇ ಹೆದರಿದ್ದರು.

"ಹಿಡಿತದ ಸ್ನಾಯು ತಪ್ಪಿಸಿ ಕೊಯ್ಯೋದೇ ನನ್ನ ಕೆಲಸ. ತಡ ಮಾಡಿದರೆ ಅದು ನನ್ನ ಕೈಲೂ ಇರಲ್ಲ, ಅಂಕಲ್."

ಸ್ಟ್ರೆಚರ್ ಮೇಲೆ ಮಲಗಿದವರು ಸೊಂಟದ ದಾರದಿಂದ ಗಲ್ಲಾದ ಕೀಲಿ ಬಿಚ್ಚಿ ನನ್ನ ಅಂಗೈಗಿಟ್ಟರು. ಮದುವೆಯಾದಂದಿನಿಂದ ನಾನು ಆ ಕೀಲಿ ಮುಟ್ಟಿರಲಿಲ್ಲ. ತಾಳಿಯ ಮೇಲೆ ಕೈ ಹೋಯಿತು. ಆಪರೇಷನ್ ಕೋಣೆಯ ಬಾಗಿಲು ಅಲುಗಿದಾಗಲೆಲ್ಲ ನಾನು ಎದ್ದು ನಿಂತೆ.

ಕೊನೆಗೆ ಡಾಕ್ಟರು ಬಂದರು. "ತುಂಬಾ ಕೀವಿತ್ತು, ತೆಗೆದಿದ್ದೇವೆ. ಗಾಯ ಹೊಲಿದಿಲ್ಲ. ಹೊಲಿದರೆ ಕೀವು ಮತ್ತೆ ಒಳಗೇ ನಿಲ್ಲುತ್ತೆ. ತಳದಿಂದ ತಾನೇ ತುಂಬಿಕೊಂಡು ಬರಬೇಕು. ಸಕ್ಕರೆ ಹತೋಟಿಗೆ ಬರುವವರೆಗೆ ಇಲ್ಲೇ ಇರಲಿ. ಶರಬತ್ತು ಬಂದ್!"

ಮರುದಿನ ಇವರು ಗೋಡೆ ಹಿಡಿದು ಶೌಚಕ್ಕೆ ಹೋದರು. ನಾನು ಬಾಗಿಲ ಹೊರಗೆ ಕಿವಿಗೊಟ್ಟು ನಿಂತೆ. ಒಳಗೆ ಸದ್ದೇ ಇಲ್ಲ. ಕರೆಯಲೂ ಭಯ.

"ಚಂಪಾ." ದನಿ ಅಳುವಂತಿತ್ತು. "ಹಿಡಿತ ಇದೆ."

ಗಾಯ ತುಂಬಲು ಒಂದೂವರೆ ತಿಂಗಳು ಹಿಡಿಯಿತು. ದಿನವೂ ಟಬ್ಬಿನ ಬಿಸಿನೀರಲ್ಲಿ ಕೂರಿಸುತ್ತಿದ್ದೆ. ಒಂದು ಸಣ್ಣ ರಂಧ್ರ ಉಳಿದು ಈಗಲೂ ಒಸರುತ್ತದೆ, ಮತ್ತೊಮ್ಮೆ ಕೊಯ್ಯಬೇಕಾದೀತಂತೆ. ಜೀವ ಉಳಿಯಿತು, ಹಿಡಿತ ಉಳಿಯಿತು. ಹೊತ್ತುಗಟ್ಟಲೆ ಕೂರಲಾಗದೆ ಗಲ್ಲಾದ ಕುರ್ಚಿ ಮಾತ್ರ ಅವರ ಕೈಬಿಟ್ಟಿತು. ಅದರಲ್ಲಿ ಈಗ ನಾನು ಕೂರುತ್ತೇನೆ.