ಮುನಿತಾಯಮ್ಮನ ಹಿಂಬಾಗಿಲು

ಹೊಸಕೋಟೆ ಪೇಟೆಗೂ ನಮ್ಮ ಪಾಳ್ಯಕ್ಕೂ ನಡುವೆ ಇದ್ದದ್ದು ಮುನಿತಾಯಮ್ಮನ ಹೊಲ, ಅದರಲ್ಲೊಂದು ಕಾಲುದಾರಿ. ಯುದ್ಧ ಮುಗಿದ ವರ್ಷ ಸಾಹುಕಾರ ಆದಿನಾರಾಯಣಪ್ಪ ಆ ಹೊಲ ಕೊಂಡು ಸೈಟು ಮಾಡಿದ. ದಾರಿ ಬಿಡುತ್ತೇನೆ ಎಂದು ಬಾಯಿಮಾತು ಕೊಟ್ಟಿದ್ದ. ಆಮೇಲೆ, ಬೆಂಗಳೂರಿಂದ ಬರುವ ದೊಡ್ಡ ಮನುಷ್ಯರ ಕಣ್ಣಿಗೆ ನಮ್ಮ ತಿಪ್ಪೆ ಬೀಳಬಾರದೆಂದು ಪಾಳ್ಯದ ಕಡೆಗೆಲ್ಲ ಕಲ್ಲುಗೋಡೆ ಎಬ್ಬಿಸಿದ. ಸೈಟುಗಳ ನಡುವಿನ ಹೊಸ ಬೀದಿಗಳು ಜೋರಾಗಿ ಬಂದು ಗೋಡೆಗೆ ಮೂತಿ ಇಟ್ಟು ನಿಂತವು. ಸೊಪ್ಪು ಮಾರುವ ಹೆಂಗಸರು ಕೆರೆ ಏರಿ ಸುತ್ತಿಕೊಂಡು ಸಂತೆ ಸೇರುವಷ್ಟರಲ್ಲಿ ಸೊಪ್ಪು ಬಾಡಿರುತ್ತಿತ್ತು.

ನಾವು ಬೈದದ್ದು ಸಾಹುಕಾರನನ್ನಲ್ಲ, ಮುನಿತಾಯಮ್ಮನನ್ನು. ಬೈಯುವುದಕ್ಕೆ ಅವಳೇ ಸುಲಭವಾಗಿ ಸಿಕ್ಕಳು.

"ದಾರಿ ಮಾರ್ಕೊಂಡೆ ಕಣಮ್ಮ," ಎಂದಳು ಸೊಪ್ಪು ಮಾರುವ ಕದಿರಮ್ಮ, ಬಾಡಿದ ದಂಟಿನ ಕಟ್ಟನ್ನು ಅವಳ ಮುಂದೆ ಹಾಕಿ.

ಮುನಿತಾಯಮ್ಮ ಹೊಲ ಮಾರುವಾಗ ಪಾಳ್ಯದ ಕಡೆಯಂಚಿನ ಒಂದು ಸೈಟನ್ನು ತನಗೇ ಉಳಿಸಿಕೊಂಡಿದ್ದಳು. ಗೋಡೆ ಏಳುವ ಹೊತ್ತಿಗೇ ಅಲ್ಲಿ ಮನೆ ಕಟ್ಟಿಸಲು ಶುರುಮಾಡಿದ್ದಳು. ಸಾಹುಕಾರ ಮಹಾ ಜಿಪುಣ. ಮನೆಯ ಹಿಂಗೋಡೆಯೇ ಸಾಕು, ಅಷ್ಟು ಕಲ್ಲು ಉಳಿಯಿತು ಎಂದುಕೊಂಡು ಅಲ್ಲಿ ಗೋಡೆ ಹಾಕಿಸಲೇ ಇಲ್ಲ. ಮುನಿತಾಯಮ್ಮ ಆ ಹಿಂಗೋಡೆಗೆ ಬಾಗಿಲಿಟ್ಟಳು.

ಗೃಹಪ್ರವೇಶದ ಮಾರನೆಯ ಬೆಳಿಗ್ಗೆ ಪಾಳ್ಯದ ಕಡೆಯ ಬಾಗಿಲಲ್ಲಿ ನಿಂತು ಕೂಗಿದಳು: "ಬನ್ರೇ, ಹಿಂಗೇ ಹೋಗಿ."

ಹೆಂಗಸರು ಹಿಂಬಾಗಿಲಿಂದ ಹೊಕ್ಕು, ಪಡಸಾಲೆ ದಾಟಿ, ಮುಂಬಾಗಿಲಿಂದ ಬೀದಿಗಿಳಿದರು. ಕದಿರಮ್ಮ ತಲೆ ತಗ್ಗಿಸಿಕೊಂಡೇ ದಾಟಿದಳು. ಪಾಳ್ಯದ ಬೈರಣ್ಣ ಎಮ್ಮೆಯನ್ನೂ ಹೊಡೆದುಕೊಂಡು ಬಂದ. ಅವನಿಗೆ ಮಾತ್ರ ಪೊರಕೆ ತೋರಿಸಿದಳು. ನೆಲ ಸವೆಯಿತು, ಒಲೆಯ ಮುಂದೆ ಧೂಳು ಕೂತಿತು. ಆದರೂ ಅವಳ ಮುಖದಲ್ಲಿ ಅಂಥ ಗೆಲುವನ್ನು ನಾನು ಎಂದೂ ಕಂಡಿರಲಿಲ್ಲ.

ವಾರದೊಳಗೆ ಸಾಹುಕಾರ ಆಳಿನ ಕೈಯಲ್ಲಿ ಸರಪಳಿ, ಬೀಗ ಹಿಡಿಸಿಕೊಂಡು ಬಂದ.

"ಇದು ಮನೇನೋ, ಛತ್ರಾನೋ? ಆ ಹಿಂಬಾಗಿಲಿಗೆ ಬೀಗ ಜಡಿತೀನಿ."

"ನೆಂಟ್ರು ಬರ್ತಾರೆ ಸೌಕಾರ್ರೆ, ಹೋಗ್ತಾರೆ."

"ದಿನಾ ಸಂತೆಗೆ ಹೋಗೋ ನೆಂಟ್ರಾ? ಲೇ, ಜಡಿಯೋ ಬೀಗ."

ಮುನಿತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೈರಣ್ಣನನ್ನು ಕರೆದಳು. ಇಬ್ಬರೂ ಸೇರಿ ಕದವನ್ನು ಕೀಲಿನಿಂದ ಎತ್ತಿ ಬಿಡಿಸಿದರು. ಹೊತ್ತುಕೊಂಡು ಹೋಗಿ ಹಿತ್ತಿಲ ಚರಂಡಿಯ ಮೇಲೆ ಅಡ್ಡ ಹಾಸಿದರು.

"ಈಗ ಜಡೀರಿ," ಎಂದಳು.

ಆಳು ಬೀಗ ಹಿಡಿದುಕೊಂಡು ಬರೀ ಬಾಗಿಲುವಾಡದ ಮುಂದೆ ನಿಂತ. ಸಾಹುಕಾರನ ಮುಖ ಕಪ್ಪಿಟ್ಟಿತು.

"ಕಳ್ಳರು ನುಗ್ಗಿದ್ರೆ ನನ್ನ ಕೇಳ್ಬೇಡ."

"ಊರೇ ಓಡಾಡೋ ಕಡೆ ಕಳ್ಳನಿಗೇನು ಕೆಲಸ? ಸ್ವಲ್ಪ ಪಕ್ಕಕ್ಕೆ ನಿಂತ್ಕಳಿ ಸೌಕಾರ್ರೆ, ದಾರೀಲಿ ನಿಂತಿದೀರಿ."

ಕದಿರಮ್ಮ ಸೊಪ್ಪಿನ ಹೊರೆ ಹೊತ್ತು ಆ ಕದದ ಮೇಲೆ ಕಾಲಿಟ್ಟು ಬಂದಳು. ಸಾಹುಕಾರ ಪಕ್ಕಕ್ಕೆ ಸರಿದ.