ಶುಭ ಶುಕ್ರವಾರದ ಸಾಬೂದಾಣಿ

ನಮ್ಮ ಅತ್ತೆ ಹೊಳೆವ್ವ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಲೆಂತ್ ಕಾಲದಲ್ಲಿ ಸಂಜೆಯ ಪ್ರಾರ್ಥನೆಯವರೆಗೆ ನೀರನ್ನಲ್ಲದೆ ಬೇರೇನೂ ಮುಟ್ಟುತ್ತಿರಲಿಲ್ಲ. ಆದರೂ ದಿನವೂ ಮುಖ ತೊಳೆದು, ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಹೆರಳು ಹಾಕಿಕೊಂಡೇ ಓಣಿಗೆ ಹೊರಡುತ್ತಿದ್ದರು. ಉಪವಾಸವಿದ್ದವರು ಬಾಡಿದ ಮುಖ ತೋರಿಸಬಾರದೆಂದು ಯೇಸು ಹೇಳಿದ್ದಾನಲ್ಲ, ಅದನ್ನು ಅತ್ತೆ ಅಕ್ಷರಶಃ ಪಾಲಿಸುತ್ತಿದ್ದರು. ನಾನು ಬಿ.ಎಸ್ಸಿ. ಮುಗಿಸಿ ರಬಕವಿಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಖಾಲಿ ಹೊಟ್ಟೆಯವರಿಗೆ ಬೇಗ ಸಿಟ್ಟು ಬರುತ್ತದೆಂದು ಮಕ್ಕಳಿಗೆ ಹೇಳುತ್ತಿದ್ದೆ. ಅತ್ತೆಯ ದನಿ ಮಾತ್ರ ಆ ದಿನಗಳಲ್ಲೇ ಹೆಚ್ಚು ಮೆತ್ತಗಾಗುತ್ತಿತ್ತು.

ಎಪ್ಪತ್ತೆರಡನೆಯ ಇಸವಿಯಲ್ಲಿ ಅವರಿಗೆ ಹಸಿವೆಗಿಂತ ದೊಡ್ಡ ಕಷ್ಟವೊಂದಿತ್ತು. ಗೋಡೆಯಾಚೆಯ ನೇಕಾರ್ತಿ ಗುರುಬಸವ್ವ ಮಾತು ಬಿಟ್ಟಿದ್ದರು. ಗಂಜಿ ಹಚ್ಚಲು ಓಣಿಯುದ್ದಕ್ಕೂ ಬಿಗಿದಿದ್ದ ಅವರ ಸೀರೆಯ ಉದ್ದೆಳೆಗಳ ಹಾಸಿನೊಳಗೆ ನಮ್ಮ ಎಮ್ಮೆಯ ಕರು ನುಗ್ಗಿ ಎಳೆಗಳನ್ನೆಲ್ಲ ಹರಿದಿತ್ತು. ಕೇಳಲು ಬಂದ ಗುರುಬಸವ್ವನವರಿಗೆ ಅತ್ತೆ, "ಓಣಿ ನಿಮ್ಮಪ್ಪಂದೇನ?" ಎಂದುಬಿಟ್ಟಿದ್ದರು.

ಈಸ್ಟರ್‌ಗೆ ಪಾದ್ರಿಗಳು ಬಂದು ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸದ ಕರ್ತನ ಭೋಜನ ಕೊಡುವವರಿದ್ದರು.

"ಆಕಿ ಮಾತಾಡದಿದ್ರ ಈ ಸಲ ನಾ ಅದನ್ನ ಮುಟ್ಟೂದಿಲ್ಲ. ಬಾಜೂ ಮನಿಯಾಕಿನ್ನ ನೋಯಿಸಿ ಯಾ ಕೈಲೆ ತಗೊಳ್ಳಲಿ?" ಎಂದರು ಅತ್ತೆ.

ದಿನವೂ ಪ್ರಾರ್ಥನೆ ಮುಗಿಸಿ ಗುರುಬಸವ್ವನವರ ಬಾಗಿಲಿಗೆ ಹೋಗಿ, "ತಪ್ಪಾತು ಗುರುಬಸವ್ವಾ" ಎನ್ನುತ್ತಿದ್ದರು. ಒಳಗೆ ಮಗ್ಗದ ಸಪ್ಪಳ ಇನ್ನಷ್ಟು ಜೋರಾಗುತ್ತಿತ್ತು. ಮರುದಿನ ಮತ್ತೆ ಹೋಗುತ್ತಿದ್ದರು.

"ಬ್ಯಾಸರಾಗೂದಿಲ್ಲೇನ್ರಿ ಅತ್ತಿ?"

"ಆಗತೈತಿ. ಖರೆ ಉಪಾಸ ಇದ ನೋಡ. ಊಟಾ ಬಿಡೂದೇನ್ ದೊಡ್ಡದು, ಜಡ್ಡಾದ್ರ ಎಮ್ಮಿನೂ ಮೇವು ಬಿಡತೈತಿ."

ಶುಭ ಶುಕ್ರವಾರ ಮಧ್ಯಾಹ್ನ ಗುರುಬಸವ್ವ ತಾವಾಗಿಯೇ ನಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಮುಚ್ಚಿದ ತಾಟು.

"ಏನಬೇ ಹೊಳೆವ್ವಾ, ಸಾಯಾಕ ಕುಂತೀಯೇನ? ತಿಂಗಳ ಮ್ಯಾಲಾತು, ಮಧ್ಯಾಹ್ನ ನಿನ್ನ ರೊಟ್ಟಿ ಬಡಿಯೂ ಸಪ್ಪಳ ಗ್ವಾಡಿಗೆ ಕೇಳಿಲ್ಲ. ತಗೋ, ಸಾಬೂದಾಣಿ ಖಿಚಡಿ. ಉಪಾಸಕ್ಕ ನಡೀತೈತಿ. ನಾವೂ ಶಿವರಾತ್ರಿಗಿ ಇದನ್ನ ತಿಂತೀವಿ."

"ನಮ್ಮ ಉಪಾಸಕ್ಕ ಅದು..." ಎಂದು ನಾನು ಬಾಯಿ ತೆರೆದೆ.

"ನೀ ನೀರ ತಾ ಹೋಗವಾ," ಎಂದರು ಅತ್ತೆ.

ಜ್ವರ ಬಂದಾಗಲೂ ಶುಭ ಶುಕ್ರವಾರ ಅವರು ಹೊತ್ತು ಮುಳುಗುವ ಮುಂಚೆ ಉಂಡವರಲ್ಲ. ನಾನು ನೀರು ತರುವಷ್ಟರಲ್ಲಿ ಕಣ್ಣು ಮುಚ್ಚಿ ಪ್ರಾರ್ಥಿಸಿ ತಿನ್ನತೊಡಗಿದ್ದರು. ನಾಲ್ಕು ತುತ್ತು ತಿಂದು ಮರ್ಯಾದೆಗೆ ಸಾಕೆನ್ನಲಿಲ್ಲ. ಹಸಿದವರ ಹಾಗೆ, ರುಚಿ ನೋಡಿ ತಿಂದರು.

"ಉಪ್ಪು ಸರಿ ಆಗೈತೇನ?"

"ಉಪ್ಪು ಛಲೋ ಆಗೈತಿ. ಶೇಂಗಾ ಕಡಿಮಿ. ಮದಲಿಂದನೂ ನೀ ಜೀನಿ."

"ನಿನ್ನ ಕರಾ ನನ್ನ ಹಾಸು ಹರೀತಲ್ಲ, ಅದಕ್ಕ ಶೇಂಗಾ ಕಡಿಮಿ ಹಾಕೇನಿ," ಎಂದು ಗುರುಬಸವ್ವ ನಕ್ಕುಬಿಟ್ಟರು. ಅತ್ತೆ ಅವರ ಕೈ ಹಿಡಿದುಕೊಂಡರು.

"ಐತವಾರ ನಿಮ್ಮ ಹಬ್ಬಂತಲ್ಲ, ಏನ್ ಮಾಡ್ತಿ?"

"ಮದಲ ಚರ್ಚಿಗೆ ಹೊಕ್ಕೇನಿ. ಕರ್ತನ ಭೋಜನ ಐತಿ."

ಗುರುಬಸವ್ವ ಹೋದ ಮೇಲೆ ಕೇಳಿದೆ: "ಇಷ್ಟು ವರ್ಷ ನಡಿಸಿದ ಉಪಾಸ ಇವತ್ತ ಮುರೀತಲ್ರಿ ಅತ್ತಿ?"

"ಮುರೀತು," ಎಂದರು. ದನಿಯಲ್ಲಿ ಪಶ್ಚಾತ್ತಾಪವಿರಲಿಲ್ಲ, ನೆಪವೂ ಇರಲಿಲ್ಲ. "ಪಾದ್ರಿಗೋಳಿಗೆ ನಾನ ಹೇಳ್ತೇನಿ. ಗುರುಬಸವ್ವಗ ಮಾತ್ರ ನೀ ಎಂದೂ ಹೇಳಬ್ಯಾಡ."