ತೊಟ್ಟಿನೊಳಗಿನ ಮರಳು

ತಲಘಟ್ಟಪುರದ ನಂದಕುಮಾರನಿಗೆ ಹವಳದ ಹುಚ್ಚು ಹತ್ತಿದ್ದು ಅಪ್ಪನ ಹೊಲ ಲೇಔಟಾಗಿ, ಅಲ್ಲಿ ಬಾಡಿಗೆ ಮನೆಗಳೆದ್ದು, ತನಗೆ ಮಾಡಲು ಕೆಲಸವಿಲ್ಲದಂತಾದ ಮೇಲೆ. ನಡುಮನೆಯ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ, ಉಪ್ಪು ಬೆರೆಸಿದ ನೀರು, ನೀಲಿ ದೀಪ, ಕಲ್ಲುಗಳ ಮೇಲೆ ಅರಳಿ ನಿಂತ ಪುಟ್ಟ ಜೀವಗಳು. ಒಂದೊಂದಕ್ಕೂ ಪಾಲಿಪ್ ಎಂದು ಹೆಸರು: ಗಿಡ್ಡ ತೊಟ್ಟು, ತುದಿಯಲ್ಲಿ ದುಂಡನೆಯ ಬಾಯಿ, ಸುತ್ತಲೂ ಎಳೆಗಳು. ಹವಳ ಸಾಕುವವರ ವಾಟ್ಸಾಪ್ ಗುಂಪಿನಲ್ಲಿ ಯಾರು ಫೋಟೋ ಹಾಕಿದರೂ ಜಾತಿ ಹೇಳುವವನು ಇವನೇ. ನಂದಣ್ಣ ಹೇಳಿದರೆ ಮುಗಿಯಿತು, ಮೇಲ್ಮನವಿ ಇಲ್ಲ.

ಜಯನಗರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಗೆಳೆಯ ಚೈತನ್ಯ ಒಬ್ಬನೇ ಆಗಾಗ ಅಡ್ಡಗಾಲು ಹಾಕುತ್ತಿದ್ದ.

“ಮೇಲಿಂದ ನೋಡಿದ್ರೆ ಝೋಯಾಂತಸ್ ಜಾತೀನೂ ಪಾಲಿಥೋವಾ ಜಾತೀನೂ ಅಕ್ಕತಂಗಿ ಥರ ಗುರು. ಮುಚ್ಕೊಂಡಾಗ ತೊಟ್ಟು ನೋಡು. ಪಾಲಿಥೋವಾ ಮರಳನ್ನ ಮೈಯೊಳಗೇ ಸೇರಿಸ್ಕೊಂಡಿರತ್ತೆ. ಅದ್ರಲ್ಲಿ ಕೆಟ್ಟ ವಿಷ ಇರ್ಬೋದು.”

“ಮುಖ ನೋಡಿದ್ರೆ ಸಾಕು ಮಗಾ. ನಿನ್ನ ಪುಸ್ತಕ ನೀನೇ ಇಟ್ಕೊ” ಎಂದು ನಂದ ನಕ್ಕುಬಿಡುತ್ತಿದ್ದ.

ಈ ಚಳಿಗಾಲದಲ್ಲಿ ಒಂದು ಕಲ್ಲಿನ ಮೇಲೆ ಕಂದು ಬಣ್ಣದ ಪಾಲಿಪ್‌ಗಳು ಕಳೆಯ ಹಾಗೆ ಹಬ್ಬಿ ಉಳಿದವನ್ನು ಮುಚ್ಚತೊಡಗಿದವು. ನಂದ ಮೇಲಿನಿಂದ ಬಗ್ಗಿ ನೋಡಿ, ಝೋಯಾಂತಸ್ ಎಂದು ತೀರ್ಪು ಕೊಟ್ಟ. ಕಲ್ಲು ಚೆನ್ನಾಗಿತ್ತು, ಬಿಸಾಡಲು ಮನಸ್ಸಾಗಲಿಲ್ಲ. ಕುದಿಸಿದರೆ ಎಲ್ಲ ಸತ್ತು ಚೊಕ್ಕವಾಗುತ್ತದೆಂದು ಬಚ್ಚಲಮನೆಯ ಒಲೆಯ ಮೇಲೆ ಹಳೆಯ ಪಾತ್ರೆಯಿಟ್ಟು, ತೊಟ್ಟಿಯ ನೀರನ್ನೇ ಸುರಿದು ಕಲ್ಲು ಮುಳುಗಿಸಿದ.

ತಾಯಿ ಸೊಣ್ಣಮ್ಮನಿಗೆ ಆಗ ನೆಗಡಿ. ಮನೆಗೆ ಗೀಸರ್ ಬಂದರೂ ಬಚ್ಚಲ ಒಲೆಯನ್ನು ಆರಗೊಡದ ಹೆಂಗಸು ಆಕೆ. ಒಲೆಯ ಮೇಲೆ ಏನೇ ಕುದಿಯಲಿ, ಹಬೆ ದಂಡವಾಗಬಾರದು. ತುಳಸಿಯೋ, ನೀಲಗಿರಿ ಎಲೆಯೋ, ಏನೂ ಇಲ್ಲದಿದ್ದರೆ ಬರೀ ಉಪ್ಪುನೀರೋ, ಕಂಬಳಿ ಹೊದ್ದು ಮುಖವೊಡ್ಡುತ್ತಿದ್ದಳು.

“ಉಪ್ಪುನೀರೇನ್ಲಾ ಇದು? ಒಸಿ ಹಬೆ ತಗೊಳ್ಲಾ?”

“ತಗೊ ಅವ್ವ. ಸಮುದ್ರದ ಉಪ್ಪು, ಶೀತಕ್ಕೆ ಒಳ್ಳೇದು.”

“ಆ ಹುಳ ಏನೂ ಮಾಡಕ್ಕಿಲ್ವಾ?”

“ನಾನು ನೋಡಿದ್ದೀನಲ್ಲ. ಏನೂ ಆಗಲ್ಲ.”

ಅಷ್ಟು ಹೇಳಿ ಅವನು ತೊಟ್ಟಿಯ ಗಾಜು ಒರೆಸಲು ಹೋದ. ಸೊಣ್ಣಮ್ಮ ಗಾಳಿ ಬೀಸೀತೆಂದು ಬಚ್ಚಲ ಬಾಗಿಲು ಹಾಕಿಕೊಂಡು, ತಲೆತುಂಬ ಕಂಬಳಿ ಹೊದ್ದು, ಬೆವರಿಳಿಯುವ ತನಕ ಹಬೆ ಎಳೆದುಕೊಂಡಳು.

ಮಧ್ಯಾಹ್ನ ಊಟಕ್ಕೆ ಕೂತಾಗ, ಬಾಯೆಲ್ಲ ತಾಮ್ರ ನೆಕ್ಕಿದ ಹಾಗಿದೆ ಎಂದಳು. ಸಂಜೆಗೆ ಚಳಿಜ್ವರ ಬಂತು, ಕೆಮ್ಮು ಬಂತು, ಉಸಿರು ಸಿಕ್ಕಿಕೊಂಡಿತು. ನಂದ ಮತ್ತು ಅವನ ಹೆಂಡತಿ ಅರ್ಪಿತ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಉಬ್ಬಸಕ್ಕೆ ಕೊಟ್ಟ ಮದ್ದು ಹತ್ತಲಿಲ್ಲ. ಬೆಳಗ್ಗೆ ಡಾಕ್ಟರ್ ಉಮಾಮಹೇಶ್ವರಿ ಇಬ್ಬರನ್ನೂ ಪಕ್ಕಕ್ಕೆ ಕರೆದರು.

“ಮನೇಲಿ ಏನಾದ್ರೂ ಕೆಮಿಕಲ್, ಹೊಗೆ ಕುಡಿದ್ರಾ ಇವ್ರು?”

ಅರ್ಪಿತ ಗಂಡನ ಮುಖ ನೋಡಿದಳು. ನಂದ ಕಲ್ಲು ಕುದಿಸಿದ್ದನ್ನು ಹೇಳಿದ. ಹೇಳುವಾಗಲೂ, “ಅದು ಅಂಥಾ ವಿಷದ ಜಾತಿ ಅಲ್ಲ ಮೇಡಂ” ಎಂದು ಸೇರಿಸಿದ. ಇಷ್ಟಾದರೂ ಅವನ ಜಂಭ ಇಳಿದಿರಲಿಲ್ಲ.

“ಬರೀ ನೋಡಿ ಹೇಳ್ತಿದ್ದೀರೋ, ಪರೀಕ್ಷೆ ಮಾಡಿದ್ದೀರೋ?” ಡಾಕ್ಟರು ಕೇಳಿದರು. “ನಾನಂತೂ ಈಗ್ಲೇ ಐಸಿಯುಗೆ ಹಾಕ್ತೀನಿ. ನೀವು ಅದ್ಯಾವುದು ಅಂತ ತಿಳ್ಕೊಂಡು ಹೇಳಿ.”

ನಂದ ಚೈತನ್ಯನಿಗೆ ಫೋನ್ ಮಾಡಿದ. ಚೈತನ್ಯ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ತೊಟ್ಟೀಲಿ ಅದೇ ಗುಂಪಿಂದು ಒಂದೆರಡು ಉಳಿದಿರತ್ತೆ. ಮಾಸ್ಕು, ಗ್ಲೌಸು, ಕನ್ನಡಕ ಹಾಕ್ಕೊ. ಚಿಮಟದಲ್ಲಿ ಮೆತ್ತಗೆ ಮುಟ್ಟು, ಮುಚ್ಕೊಳ್ಳತ್ತೆ. ಆಮೇಲೆ ಭೂತಗನ್ನಡೀಲಿ ತೊಟ್ಟು ನೋಡು.”

ಮನೆಗೆ ಬಂದು ಹಾಗೇ ಮಾಡಿದ. ಪಾಲಿಪ್ ಬಾಯಿ ಮುಚ್ಚಿ ಗುಬುಟಿನಂತಾಯಿತು. ಭೂತಗನ್ನಡಿ ಹಿಡಿದರೆ ತೊಟ್ಟಿನ ತುಂಬ ಮರಳು, ರವೆಯಲ್ಲಿ ಹೊರಳಿಸಿದ ಮೀನಿನ ಹಾಗೆ. ಒರೆಸಿದರೆ ಹೋಗುವ ಮರಳಲ್ಲ, ಚರ್ಮದೊಳಗೇ ಹೂತಿತ್ತು. ಇಷ್ಟು ವರ್ಷ ಮುಖ ನೋಡಿ ಜಾತಿ ಹೇಳಿದವನು ಒಂದು ಸಲವಾದರೂ ತೊಟ್ಟು ನೋಡಿರಲಿಲ್ಲ.

ಆಸ್ಪತ್ರೆಗೆ ಓಡಿ ಹೋಗಿ ಹೇಳಿದ. ಡಾಕ್ಟರು ತಲೆಯಾಡಿಸಿ, “ಇದಕ್ಕೆ ಅಂತ ಮದ್ದಿಲ್ಲ. ಉಸಿರು, ಹೃದಯ ನೋಡ್ಕೊಳ್ಳೋದಷ್ಟೇ” ಎಂದರು. ಒಳಗೆ ಹೋಗಲು ಒಂದು ಗಳಿಗೆ ಬಿಟ್ಟರು.

ಸೊಣ್ಣಮ್ಮ ಮುಖದ ಮೇಲಿನ ಆಕ್ಸಿಜನ್ ಮಾಸ್ಕನ್ನು ಎತ್ತಿದಳು. “ಏನಂತ್ಲಾ ಅದು?”

“ವಿಷದ್ದು ಅವ್ವ. ನಾನು ತಪ್ಪು ಹೇಳ್ದೆ.”

“ನೀನೂ ಕುಡುದ್ಯಾ ಆ ಹಬೆಯ?”

“ಇಲ್ಲ.”

“ಸದ್ಯ” ಎಂದು ಮಾಸ್ಕನ್ನು ತಾನೇ ಸರಿಮಾಡಿಕೊಂಡಳು. ಮಾರನೆಯ ದಿನ ಅವಳ ಹೃದಯ ನಿಂತಿತು.

ಮಣ್ಣು ಮಾಡಿ ಬಂದು, ತಲೆಗೆ ಸ್ನಾನ ಮಾಡಲು ನಂದ ಬಚ್ಚಲಿಗೆ ಹೋಗಲಾರದೆ ಹಿತ್ತಲಲ್ಲೇ ಕೂತಿದ್ದ. ಫೋನ್ ಸದ್ದು ಮಾಡಿತು. ಗುಂಪಿನಲ್ಲಿ ಯಾರೋ ಫೋಟೋ ಹಾಕಿದ್ದರು: ಮೇಲಿನಿಂದ ತೆಗೆದದ್ದು, ಅರಳಿದ ಕಂದು ಪಾಲಿಪ್‌ಗಳು. ‘ನಂದಣ್ಣ, ಇದ್ಯಾವ್ದು? ಕಲ್ಲು ಕುದಿಸ್ಬೋದಾ?’

ಅವನು ಅಳುತ್ತಲೇ ಬರೆದ: ‘ಮೇಲಿಂದ ನೋಡಿ ಹೇಳಕ್ಕಾಗಲ್ಲ. ಕುದಿಸ್ಬೇಡಿ. ನಮ್ಮವ್ವ ಹೋಗ್ಬಿಟ್ಲು.’